ಮಂಜುಗಡ್ಡೆಯ ಉಪಚಾರ

ಓಟದ ಪಂದ್ಯ ಮುಗಿಸಿ ಬಂದ ಮಗನ ಕಾಲಿಗೆ ಬಿಸಿನೀರು ಹೊಯ್ಯುವುದು ನಮ್ಮ ಮನೆಗಳ ವಾಡಿಕೆ. ಈಗಿನ ತರಬೇತುದಾರರಲ್ಲಿ ಕೆಲವರು ವಿಧಿಸುವುದಾದರೋ ಮಂಜುಗಡ್ಡೆ ತೇಲುವ ನೀರಿನ ತೊಟ್ಟಿಯನ್ನು! ಶೀತವು ನೋವನ್ನು ತಗ್ಗಿಸುವುದೇನೋ ದಿಟ. ಒಂದರ ಬೆನ್ನಿಗೊಂದು ಪಂದ್ಯಗಳಿದ್ದಾಗ ಅದರಿಂದ ಉಪಕಾರವುಂಟು. ಆದರೆ ನಿತ್ಯದ ವ್ಯಾಯಾಮದ ತರುವಾಯ?

2015ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗವೊಂದರಲ್ಲಿ, ಭಾರವೆತ್ತಿ ಬಲ ಬೆಳೆಸುತ್ತಿದ್ದ ತರುಣರು 12 ವಾರಗಳ ಕಾಲ, ಪ್ರತಿ ಸಾಧನೆಯ ಬಳಿಕ 10 ಡಿಗ್ರಿಯ ನೀರಿನಲ್ಲಿ 10 ನಿಮಿಷ ಕುಳಿತರು. ಮೆಲ್ಲನೆ ಸೈಕಲ್ ತುಳಿದು ದಣಿವಾರಿಸಿಕೊಂಡವರಷ್ಟು ಅವರ ಸ್ನಾಯುಗಳು ಬೆಳೆಯಲಿಲ್ಲ. ದಣಿದ ಸ್ನಾಯು ತನ್ನನ್ನು ತಾನೇ ಕಟ್ಟಿಕೊಳ್ಳುವ ಕಾರ್ಯವನ್ನೇ ಶೀತವು ಕುಗ್ಗಿಸಿತ್ತು. (1978ರಲ್ಲಿ ಪೆಟ್ಟಿಗೆ ಮಂಜುಗಡ್ಡೆಯ ಚಿಕಿತ್ಸೆಯನ್ನು ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೂ ಮುಂದೆ ತಮ್ಮ ಮಾತನ್ನು ತಿದ್ದಿಕೊಂಡರು.)

ಬೆಳೆಯುವ ಮಕ್ಕಳಿಗೆ ದಿನದಿನವೂ ಈ ನಡುಕವೇಕೆ? ಹೊಟ್ಟೆತುಂಬ ಊಟ, ಕಣ್ತುಂಬ ನಿದ್ರೆ ಕೊಡಿ. ಮಂಜುಗಡ್ಡೆ ಇಡಲೇಬೇಕಾದರೆ ಬಟ್ಟೆಯಲ್ಲಿ ಸುತ್ತಿ, 10-15 ನಿಮಿಷ ಮಾತ್ರ.