ಆಕೆ ಬರುವ ಮುನ್ನ ನಮ್ಮ ಪಾಲಿನ ಕೆಲಸ



ಬೆಳಗಾವಿಯ ಸದಾಶಿವನಗರದ ನಮ್ಮ ಓಣಿಗೆ ಬೆಳಗಿನ ಏಳೂವರೆಯಿಂದ ಮನೆಗೆಲಸದ ಹೆಣ್ಣುಮಕ್ಕಳು ಬರತೊಡಗುತ್ತಾರೆ. ಅದಕ್ಕಿಂತ ಮೊದಲಿನ ಅರ್ಧ ಗಂಟೆ ಅನೇಕ ಮನೆಗಳಲ್ಲಿ ಗಡಿಬಿಡಿ. ಹಾಸಿಗೆ ಮಡಚುವುದು, ನೆಲದ ಮೇಲಿನ ಪುಸ್ತಕ ಎತ್ತಿಡುವುದು, ತಾಟಿನಲ್ಲಿ ಉಳಿದ ಅನ್ನ ತೆಗೆಯುವುದು ನಡೆದಿರುತ್ತದೆ. ಇದನ್ನು ಕಂಡು ನಗುವವರೂ ಇದ್ದಾರೆ. “ಆಕಿ ಬರೂದರೊಳಗ ನೀವ ಎಲ್ಲಾ ಸ್ವಚ್ಛ ಮಾಡಿದ್ರ ಆಕಿಗೆ ಪಗಾರ ಯಾಕ ಕೊಡಬೇಕ್ರಿ?” ಎಂಬ ಮಾತನ್ನು ನಾನು ಹಲವು ಸಲ ಕೇಳಿದ್ದೇನೆ. ಚೇಷ್ಟೆಯ ಮಾತಾದರೂ ಅದಕ್ಕೆ ಉತ್ತರ ಕೊಡಬೇಕು.

ಓರಣ ಮಾಡುವುದು ಬೇರೆ, ಸ್ವಚ್ಛ ಮಾಡುವುದು ಬೇರೆ. ಕಸ ಗುಡಿಸಿ, ನೆಲ ಒರೆಸಿ, ಬಾಂಡೆ ತಿಕ್ಕುವುದಕ್ಕೆ ನಾವು ಆಕೆಯನ್ನು ಕರೆದಿದ್ದೇವೆ. ವಿದ್ಯುತ್ ಬಿಲ್ಲು ಎಲ್ಲಿಡಬೇಕು, ಮಗನ ಅಂಕಪಟ್ಟಿ ಯಾವ ಕಪಾಟಿನದು ಎಂಬುದು ಆಕೆಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ನಾವು ಹರವಿದ್ದನ್ನು ಆಕೆ ಎತ್ತಿಟ್ಟು, ನಾಳೆ ಅದು ಸಿಗದಿದ್ದರೆ ಮೊದಲು ಬೈಸಿಕೊಳ್ಳುವವಳೂ ಆಕೆಯೇ. ಸಾಮಾನು ನಮ್ಮದು, ಅದರ ಜಾಗವೂ ನಮಗೇ ಗೊತ್ತು. ಆದ್ದರಿಂದ ಎತ್ತಿಡುವ ಕೆಲಸವೂ ನಮ್ಮದೇ.

ಎರಡನೆಯದು ಲೆಕ್ಕದ ಮಾತು. ಅಮೆರಿಕ, ಇಂಗ್ಲೆಂಡುಗಳಲ್ಲಿರುವ ನಮ್ಮ ಮಕ್ಕಳ ಮನೆಗೆ ಬರುವ ಕೆಲಸದವರಿಗೆ ಸಾಮಾನ್ಯವಾಗಿ ಗಂಟೆಯ ಲೆಕ್ಕದಲ್ಲಿ ಹಣ ಕೊಡುತ್ತಾರೆ. ಅಲ್ಲಿ ಹೊತ್ತು ಕಳೆದರೆ ಮನೆಯವರ ಕಿಸೆಗೆ ಕತ್ತರಿ. ನಮ್ಮಲ್ಲಿ ಕಸಕ್ಕಿಷ್ಟು, ಬಾಂಡೆಗಿಷ್ಟು, ಬಟ್ಟೆಗಿಷ್ಟು ಎಂದು ತಿಂಗಳಿಗೆ ಮಾತಾಡಿಕೊಳ್ಳುತ್ತೇವೆ. ಇಲ್ಲಿ ಹೊತ್ತು ಕಳೆದರೆ ನಷ್ಟ ಆಕೆಯದು. ನಾಲ್ಕು ಮನೆಗಳಲ್ಲಿ ಹತ್ತು ಹತ್ತು ನಿಮಿಷ ಬೇರೆಯವರ ಸಾಮಾನು ಎತ್ತಿಡುವುದಕ್ಕೇ ಹೋದರೆ ದಿನಕ್ಕೆ 40 ನಿಮಿಷ, ತಿಂಗಳಿಗೆ 20 ಗಂಟೆ. ಅದಕ್ಕೆ ಯಾರೂ ಪಗಾರ ಕೊಡುವುದಿಲ್ಲ. ಆ ಹೊತ್ತು ಆಕೆಯ ಸ್ವಂತ ಮನೆಯ ಅಡಿಗೆಯಿಂದ, ಮಗುವನ್ನು ಶಾಲೆಗೆ ಕಳಿಸುವ ವೇಳೆಯಿಂದ ಕಡಿತವಾಗುತ್ತದೆ.

ಇಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಮರಳಿ ಸುರಿದು ಬರಲು ಹೇಳಿದವಳು ಆಕೆ. ಆ ಕಥೆಯನ್ನು ಪ್ರವಚನದಲ್ಲಿ ಕೇಳಿ ತಲೆದೂಗುತ್ತೇವೆ. ಒಪ್ಪಿದ್ದಕ್ಕಿಂತ ಹೆಚ್ಚು ದುಡಿಮೆಯನ್ನು ಪಗಾರವಿಲ್ಲದೆ ಪಡೆಯುವುದು ಕೂಡ ಹೆಚ್ಚಿನ ಅಕ್ಕಿಯೇ ಅಲ್ಲವೇ? ಅದು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಮರಳಿಸುವ ಯೋಚನೆಯೂ ಬರುವುದಿಲ್ಲ.

ಕಸದ ವಿಷಯವೂ ಹೀಗೆಯೇ. ಒಡೆದ ಗಾಜು, ದಾಡಿಯ ಬ್ಲೇಡು, ಬಳಸಿದ ಪ್ಯಾಡು, ಡೈಪರುಗಳನ್ನು ಬುಟ್ಟಿಗೆ ಹಾಗೆಯೇ ಎಸೆದರೆ ಅದರಲ್ಲಿ ಮೊದಲು ಕೈಯಿಡುವವಳು ಆಕೆ, ಆಮೇಲೆ ಪೌರಕಾರ್ಮಿಕರು. ಹಸಿ, ಒಣ, ಅಪಾಯಕಾರಿ ಕಸವನ್ನು ಬೇರ್ಪಡಿಸುವುದು, ಪ್ಯಾಡು ಡೈಪರುಗಳನ್ನು ಸುತ್ತಿ ಕೊಡುವುದು ಮನೆಯವರ ಹೊಣೆ ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದವು. ಮಳೆಗಾಲದಲ್ಲಿ ನಮ್ಮೂರಿನ ಕೆಸರು ಹೊಸ್ತಿಲು ದಾಟುತ್ತದೆ. ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದರೂ ಅದು ಆಕೆಗೆ ಉಪಕಾರವೇ.

ಆದರೆ ಈ ಓರಣವನ್ನು ಯಾರು ಮಾಡಬೇಕು? ಬಹಳ ಮನೆಗಳಲ್ಲಿ ಗಂಡ ಪೇಪರು ಓದುತ್ತ ಕುಳಿತಿರುತ್ತಾನೆ, ಮಗ ಮೊಬೈಲು ಹಿಡಿದಿರುತ್ತಾನೆ. ಅವರ ಒದ್ದೆ ಟವೆಲ್ಲು, ಚಹಾದ ಕಪ್ಪು ಎತ್ತುವವಳು ಮನೆಯೊಡತಿ. ಒಬ್ಬ ಹೆಣ್ಣುಮಗಳ ಹೊರೆಯನ್ನು ಇನ್ನೊಬ್ಬ ಹೆಣ್ಣುಮಗಳ ತಲೆಗೆ ಏರಿಸಿದರೆ ಅದು ಸಮಾನತೆಯಲ್ಲ. ತನ್ನ ತಾಟನ್ನು ತಾನೇ ಎತ್ತುವುದನ್ನು ಗಂಡಸರೂ ಮಕ್ಕಳೂ ರೂಢಿಸಿಕೊಳ್ಳಬೇಕು. ಲಿಂಗಭೇದವಿಲ್ಲ ಎಂದು ವೇದಿಕೆಯಲ್ಲಿ ಹೇಳುವವರು ಮೊದಲು ತಮ್ಮ ಟವೆಲ್ಲನ್ನು ಹಗ್ಗಕ್ಕೆ ಹಾಕಲಿ.

ಓರಣದ ಹಿಂದಿನ ಭಾವವನ್ನೂ ನೋಡಿಕೊಳ್ಳಬೇಕು. ಕೆಲವರು ಆಕೆ ಏನೆಂದುಕೊಂಡಾಳೋ ಎಂಬ ನಾಚಿಕೆಯಿಂದ ಎತ್ತಿಡುತ್ತಾರೆ, ಇನ್ನು ಕೆಲವರು ಸಂಶಯದಿಂದ. ನಾಚಿಕೆಯಲ್ಲಿ ತಪ್ಪೇನಿಲ್ಲ. ಸಂಶಯ ಮಾತ್ರ ಕೀಲಿ ಹಾಕುವುದರಲ್ಲಿ ನಿಲ್ಲುವುದಿಲ್ಲ. ಆಕೆ ಹೋದ ಮೇಲೆ ಚಮಚ ಎಣಿಸುವವರೆಗೂ ಹೋಗುತ್ತದೆ. ಬೆಲೆಬಾಳುವುದನ್ನು ದಿನವೂ ಒಳಗಿಡುವುದು ಎಲ್ಲರಿಗೂ ಒಳ್ಳೆಯದು, ಆದರೆ ಆಕೆಯ ಕಣ್ಣೆದುರು ಎಣಿಸುವುದು ಅವಮಾನ.

ಇನ್ನೊಂದು ವಸ್ತುವಿದೆ, ಅದನ್ನು ನಾವು ಎತ್ತಿಡುವುದೇ ಇಲ್ಲ. ಹಿತ್ತಿಲ ಬಾಗಿಲಿನ ಕಟ್ಟೆಯ ಮೇಲೆ ಆಕೆಗೆಂದೇ ಬೇರೆ ಇಟ್ಟ ಚಹಾದ ಲೋಟ. ಶಿವಭಕ್ತರ ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡಿದ್ದ ಸತ್ಯಕ್ಕನನ್ನು ಶರಣೆ ಎಂದು ಕೈಮುಗಿಯುವ ಮನೆಗಳಲ್ಲಿಯೂ ಈ ಲೋಟ ಇದೆ. ಮನೆಯಲ್ಲಿ ಮೊದಲು ಸ್ವಚ್ಛವಾಗಬೇಕಾದದ್ದು ಇದು. ಇದನ್ನು ಆಕೆಯಿಂದ ಮಾಡಿಸಲಾಗುವುದಿಲ್ಲ.

ಓರಣ ಮಾಡಿಟ್ಟೆವು ಎಂದು ಪಗಾರ ಕಡಿಮೆ ಮಾಡುವಂತೆಯೂ ಇಲ್ಲ. ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಕರ್ನಾಟಕ ಸರ್ಕಾರ 2004ರಲ್ಲಿಯೇ ನಿಗದಿ ಮಾಡಿತು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮನೆಯನ್ನೂ ಕೆಲಸದ ಸ್ಥಳವೆಂದು ಗುರುತಿಸಿತು. ನಮಗೆ ಮನೆಯಾದದ್ದು ಆಕೆಗೆ ಕಾಯಕದ ನೆಲ. ಹೊಲಕ್ಕೆ ಆಳು ಬರುವ ಮುನ್ನ ಬೀಜ, ಗೊಬ್ಬರ, ನೀರು ಅಣಿ ಮಾಡಿಟ್ಟ ರೈತನಿಗೆ ಕೂಲಿ ಯಾಕೆ ಕೊಡುತ್ತೀ ಎಂದು ಯಾರೂ ಕೇಳುವುದಿಲ್ಲ.

ವಾರಕ್ಕೊಂದು ರಜೆ, ಕಾಯಿಲೆ ಬಿದ್ದ ದಿನವೂ ಪಗಾರ, ಕೈಗೆ ಒಳ್ಳೆಯ ಕಸಬರಿಗೆ, ನಮ್ಮದೇ ಕಪ್ಪಿನಲ್ಲಿ ಚಹಾ, ಖಾಲಿ ಇರುವ ನೆಲ. ಇಷ್ಟನ್ನು ನಾಳೆಯಿಂದಲೇ ಕೊಡಲು ಯಾವ ಮನೆಗೂ ಕಷ್ಟವಾಗದು.