ನಮ್ಮ ಗರಾಜು: ಟ್ಯಾಪೆಟ್ ಸದ್ದು

ಕಳೆದ ತಿಂಗಳು ಸೈಕಲ್ ಚೈನ್ ಬಗ್ಗೆ ಬರೆದಿದ್ದೆ. ಈ ಸಲ ಸ್ವಲ್ಪ ದೊಡ್ಡ ವಿಷಯ: ಅಪ್ಪನ ಹಳೇ ಮೋಟಾರ್ ಸೈಕಲ್. ಎಂದಿನಂತೆ ಕಾಗುಣಿತ ತಿದ್ದಿದ್ದು ಅಮ್ಮ, ಉಳಿದ ತಪ್ಪುಗಳು ನನ್ನವು.

ಅದು 250 ಸಿಸಿಯ ಸಿಂಗಲ್ ಸಿಲಿಂಡರ್ ಬೈಕು. ನಾನು ಹುಟ್ಟುವ ಮುಂಚೆ ಅಪ್ಪ ಎಡಿಸನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಜೂನ್‌ನಲ್ಲಿ ಇಂಜಿನ್ ಟಿಕ್ ಟಿಕ್ ಎಂದು ಜೋರಾಗಿ ಬಡಿದುಕೊಳ್ಳತೊಡಗಿತು. ಒಬ್ಬ ಮೆಕ್ಯಾನಿಕ್ ಕೇಳಿಸಿಕೊಂಡು, ಇಂಜಿನ್ ಪೂರ್ತಿ ಬಿಚ್ಚಬೇಕು ಎಂದರು. ಅವರು ಹೇಳಿದ ಖರ್ಚು ಬೈಕಿನ ಬೆಲೆಗಿಂತ ಜಾಸ್ತಿ. ಅಪ್ಪ ಮಾರಿಬಿಡೋಣ ಎಂದರು. ನ್ಯೂಜೆರ್ಸಿಯಲ್ಲಿ ಮೋಟಾರ್ ಸೈಕಲ್ ಪರ್ಮಿಟ್ ಸಿಗಲು 17 ತುಂಬಬೇಕು. ನನಗೆ ಉಳಿದಿದ್ದು ಏಳೇ ತಿಂಗಳು! ನನ್ನ ಸಂಕಟ ನಿಮಗೆ ಅರ್ಥವಾಗಿರಬೇಕು.

ಆಗ ಮೈಸೂರಿನಿಂದ ತಾತ ಬಂದಿದ್ದರು. ತಾತ ಯೆಜ್ಡಿ ಓಡಿಸಿದವರು. ಯೆಜ್ಡಿ ತಯಾರಾಗುತ್ತಿದ್ದದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. 1961ರಲ್ಲಿ ಜಾವಾ ಬೈಕುಗಳಿಂದ ಶುರುವಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರಲ್ಲಿ ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್ ಕೂಡ. ಇದನ್ನು ತಾತ ನನಗೆ ಕನಿಷ್ಠ ಇಪ್ಪತ್ತು ಸಲ ಹೇಳಿದ್ದಾರೆ.

"ನಮ್ಮ ಯೆಜ್ಡೀಲಿ ಈ ಕಾಟಾನೇ ಇರ್ಲಿಲ್ಲ ಮರಿ, ವಾಲ್ವೇ ಇಲ್ವಲ್ಲ" ಎಂದರು ತಾತ. ನಿಜ. ಅದು ಟೂ ಸ್ಟ್ರೋಕ್. ಸಿಲಿಂಡರ್ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ನಮ್ಮದು ಫೋರ್ ಸ್ಟ್ರೋಕ್. ಇದರಲ್ಲಿ ಪೆಟ್ರೋಲ್ ಮಿಶ್ರಿತ ಗಾಳಿ ಒಳಗೆ ಬರಲು ಒಂದು ವಾಲ್ವ್, ಹೊಗೆ ಹೊರಗೆ ಹೋಗಲು ಇನ್ನೊಂದು. ತಿರುಗುವ ಕ್ಯಾಮ್ ಒಂದು ರಾಕರನ್ನು ಎತ್ತುತ್ತದೆ, ರಾಕರ್ ವಾಲ್ವನ್ನು ಒತ್ತುತ್ತದೆ. ರಾಕರ್ ಮತ್ತು ವಾಲ್ವ್ ನಡುವೆ ಚೂರು ಸಂದು ಇರಬೇಕು. ಸಂದು ಜಾಸ್ತಿಯಾದರೆ ರಾಕರ್ ಪ್ರತಿ ಸಲವೂ ಸುತ್ತಿಗೆಯ ಹಾಗೆ ಬಡಿಯುತ್ತದೆ. ಅದೇ ಟ್ಯಾಪೆಟ್ ಸದ್ದು.

ಸದ್ದು ಅಲ್ಲಿಂದಲೇ ಬರುತ್ತಿದೆಯಾ? ಫೋನ್‌ನಲ್ಲಿ ರೆಕಾರ್ಡ್ ಮಾಡಿ ನಿಧಾನಗೊಳಿಸಿ ಎಣಿಸಿದೆ. ಮೀಟರ್ ನಿಮಿಷಕ್ಕೆ 1200 ಸುತ್ತು ತೋರಿಸುತ್ತಿತ್ತು, ಅಂದರೆ ಸೆಕೆಂಡಿಗೆ 20. ಟಿಕ್‌ಗಳು ಮಾತ್ರ ಸೆಕೆಂಡಿಗೆ 10. ಫೋರ್ ಸ್ಟ್ರೋಕ್‌ನಲ್ಲಿ ವಾಲ್ವ್ ತೆರೆಯುವುದು ಎರಡು ಸುತ್ತಿಗೆ ಒಂದೇ ಸಲ. ಲೆಕ್ಕ ಸರಿಹೋಯಿತು! (ಇಂಜಿನ್ ಓಡಿಸಿದ್ದು ಡ್ರೈವ್‌ವೇನಲ್ಲಿ. ಗರಾಜಿನೊಳಗೆ ಎಂದೂ ಓಡಿಸಬೇಡಿ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.)

ಬೈಕು ನೋಡಲು ಶನಿವಾರ ಒಬ್ಬರು ಬರುವವರಿದ್ದರು. ಗುರುವಾರ ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿದ್ದಾಗ, ತಾತನ ಜೊತೆ ಕೂತೆ. ಸ್ಪಾರ್ಕ್ ಪ್ಲಗ್ ತೆಗೆದು, ಸ್ಪ್ಯಾನರ್‌ನಿಂದ ಕ್ರ್ಯಾಂಕ್ ತಿರುಗಿಸಿ 'ಟಿ' ಗುರುತಿಗೆ ತಂದೆ. ಎರಡೂ ರಾಕರ್ ಬೆರಳಿಗೆ ಚೂರು ಅಲ್ಲಾಡಬೇಕು. ಅಲ್ಲಾಡದಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಬೇಕು, ಏಕೆಂದರೆ 'ಟಿ' ಎರಡು ಸಲ ಬರುತ್ತದೆ. ನಮ್ಮ ಮ್ಯಾನುಯಲ್ ಪ್ರಕಾರ ಎಕ್ಸಾಸ್ಟ್ ಸಂದು 0.10 ಮಿಲಿಮೀಟರ್, ಸುಮಾರು ಒಂದು ಪ್ರಿಂಟರ್ ಕಾಗದದಷ್ಟು. ಫೀಲರ್ ಗೇಜ್‌ನ 0.30ರ ಎಲೆ ಆರಾಮಾಗಿ ಒಳಗೆ ಹೋಯಿತು.

ಇಲ್ಲಿ ನಾನು ಜಾಣತನ ತೋರಿಸಿದೆ. ಸಂದು ಇದ್ದರೆ ತಾನೇ ಸದ್ದು? ಪೂರ್ತಿ ಬಿಗಿ ಮಾಡಿದೆ. ಸ್ಟಾರ್ಟ್ ಮಾಡಿದರೆ ಸದ್ದೇ ಇಲ್ಲ! ನಾನು ಕುಣಿದೆ. ತಾತ ಕುಣಿಯಲಿಲ್ಲ. "ನಮ್ಮ ಮೆಕ್ಯಾನಿಕ್ಕು ಬುಲೆಟ್‌ಗೆ ಟ್ಯಾಪೆಟ್ ಸೆಟ್ ಮಾಡೋದು ನೋಡಿದೀನಿ ಕಣೋ. ಸ್ವಲ್ಪ ಟಿಕ್ ಟಿಕ್ ಅಂದ್ರೇನೇ ಅವನಿಗೆ ಸಮಾಧಾನ" ಎಂದರು. ಹತ್ತು ನಿಮಿಷಕ್ಕೆ ಇಂಜಿನ್ ನಡುಗುತ್ತಾ ನಿಂತೇ ಹೋಯಿತು.

ಆಮೇಲೆ ಓದಿದಾಗ ಅರ್ಥವಾಯಿತು. ಬಿಸಿಯಾದಾಗ ವಾಲ್ವ್ ಉದ್ದವಾಗುತ್ತದೆ. ಸಂದು ಇಲ್ಲದಿದ್ದರೆ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಸೋರಿಹೋಗುತ್ತದೆ. ಎಕ್ಸಾಸ್ಟ್ ವಾಲ್ವ್ ತನ್ನ ಶಾಖವನ್ನು ಹೆಚ್ಚಾಗಿ ಬಿಟ್ಟುಕೊಡುವುದು ಮುಚ್ಚಿ ಸೀಟಿಗೆ ಒತ್ತಿಕೊಂಡಾಗ. ಒತ್ತಿಕೊಳ್ಳದೇ ಇದ್ದರೆ ಅದು ಸುಟ್ಟೇ ಹೋಗುತ್ತದೆ. ಗದ್ದಲ ಮಾಡುವ ಸಡಿಲ ವಾಲ್ವ್‌ಗಿಂತ ಸದ್ದಿಲ್ಲದ ಬಿಗಿ ವಾಲ್ವ್ ಅಪಾಯ. ನಾನು ಹಾಗೇ ಹೈವೇಗೆ ಕಳಿಸಿದ್ದರೆ ಬೈಕನ್ನು ಕೊಂದಿದ್ದು ನಾನೇ ಆಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ, ಇಂಜಿನ್ ತಣ್ಣಗಾದ ಮೇಲೆ ಮತ್ತೆ ಶುರು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಜೊತೆಗೇ ತಿರುಗಿ ಅಳತೆ ತಪ್ಪುತ್ತದೆ. ಸ್ಕ್ರೂ ಹಿಡಿದುಕೊಳ್ಳಲು ತಾತನ ಕೈ ಬೇಕಾಯಿತು. ನಾಲ್ಕನೇ ಪ್ರಯತ್ನಕ್ಕೆ 0.10ರ ಎಲೆ, ಪುಸ್ತಕದ ನಡುವಿನಿಂದ ಹಾಳೆ ಎಳೆದ ಹಾಗೆ, ಸ್ವಲ್ಪ ಹಿಡಿದು ಹಿಡಿದು ಹೊರಬಂತು.

ಆ ಸಂಜೆ ಅಪ್ಪ ಅರ್ಧ ಗಂಟೆ ಓಡಿಸಿ ಬಂದರು. ಏನೂ ಹೇಳಲಿಲ್ಲ. ಹೆಲ್ಮೆಟ್ ತೆಗೆದು, ಶನಿವಾರ ಬರಬೇಕಿದ್ದವರಿಗೆ ಫೋನ್ ಮಾಡಿ ಕ್ಷಮಿಸಿ ಎಂದರು.

ತಾತ ಈಗ ಮೈಸೂರಿನಲ್ಲಿದ್ದಾರೆ. ಪ್ರತಿ ಭಾನುವಾರ ವಾಟ್ಸಾಪ್‌ನಲ್ಲಿ ಇಂಜಿನ್ ಸದ್ದು ಕಳಿಸುತ್ತೇನೆ. ಮುಂದಿನ ತಿಂಗಳು ಕಾರ್ಬ್ಯುರೇಟರ್ ಬಗ್ಗೆ ಬರೆಯುತ್ತೇನೆ, ಅಡುಗೆಮನೆ ಮೇಜಿನ ಮೇಲೆ ಬಿಚ್ಚಲು ಅಮ್ಮ ಬಿಟ್ಟರೆ.