ಮಾಡಿನ ಆರೈಕೆ

ಮುಂಗಾರಿಗೆ ಮುನ್ನ ಹಂಚು ಕೈಯಾಡಿಸುವುದು ಮಲೆನಾಡಿನ ಹಳೆಯ ರೂಢಿ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಲ್ಲೂ ಇಳಿಜಾರಿನ ಹಂಚಿನ ಮಾಡು ಮನೆಗಳನ್ನು ಕಾಯುತ್ತ ಬಂದಿದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹರಡಿದ ಈ ಹಂಚಿನಲ್ಲಿ ಒಡೆದುದನ್ನಷ್ಟೇ ಬದಲಿಸಬಹುದು. ಉಳಿದವನ್ನು ಪಾಚಿ ಕೆರೆದು ಮತ್ತೆ ಹೊದಿಸಬಹುದು.

ಇಂದು ಸೋರಿಕೆ ಕಂಡೊಡನೆ ಮಾಡನ್ನೇ ಕಳಚಿ ತಾರಸಿ ಹಾಕಿಸುವ, ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿಸುವ ಆತುರ ಹೆಚ್ಚಿದೆ. ಮಣ್ಣಿನ ಗೋಡೆ ತೇವವನ್ನು ಹೀರಿ ಗಾಳಿಗೆ ಬಿಡುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ತೇವ ಒಳಗೇ ನಿಂತು ಗಿಲಾವು ಹಪ್ಪಳದಂತೆ ಏಳುತ್ತದೆ, ಗೋಡೆಯೂ ಸಡಿಲಾಗುತ್ತದೆ. ಬಿರುಕಿಗೆ ಅದೇ ಮಣ್ಣು, ಮೇಲೆ ಸುಣ್ಣದ ಗಾರೆ ಸಾಕು.

ಮಾಡಬೇಕಾದುದು ಇಷ್ಟೆ: ಏಪ್ರಿಲ್-ಮೇ ತಿಂಗಳಲ್ಲಿ ಸೋರಿದ ಜಾಗದ ಹಂಚು ಇಳಿಸಿ, ರೀಪು-ಪಕಾಸುಗಳನ್ನು ಚುಚ್ಚಿ ನೋಡಿ, ಗೆದ್ದಲು ತಿಂದುದನ್ನು ಮಾತ್ರ ಬದಲಿಸುವುದು, ಸೂರಿನ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಕಾಲುವೆ ತೋಡುವುದು. ಇದರಿಂದ ಮನೆಯವರ ಸಾಲದ ಹೊರೆಯೂ ತಪ್ಪುತ್ತದೆ, ಹೊಳೆಯ ಮರಳೂ ಉಳಿಯುತ್ತದೆ.

ಆದರೆ ಈ ಕೆಲಸ ಬಲ್ಲ ಕೈಗಳು ಹಳ್ಳಿಗಳಲ್ಲಿ ಕಡಿಮೆಯಾಗುತ್ತಿವೆ. ಬೇಸಗೆಯ ರಜೆಯಲ್ಲಿ ವಿದ್ಯಾರ್ಥಿಗಳು ಊರಿನ ಹಿರಿಯ ಕೆಲಸಗಾರರ ಬಳಿ ನಿಂತು, ಹಂಚನ್ನು ಆರಿಸುವ, ಗಾರೆಯನ್ನು ಹದಗೊಳಿಸುವ ಬಗೆಯನ್ನು ಕಲಿಯಬೇಕು.